ಮಾಡು ಕೆಡಹುವ ಮುನ್ನ ಅಟ್ಟ ಹತ್ತಿ ನೋಡಬೇಕು

(ಒಕ್ಕೂಟದ ವಾರ್ಷಿಕ ಸಮಾವೇಶದಲ್ಲಿ ಗ್ರಾಮಸ್ಥರು ಹಾಗೂ ಕಾಲೇಜು ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಪಠ್ಯ)



ಮಲೆನಾಡಿನಲ್ಲಿ ಹಳೆಯ ಮನೆಯೊಂದನ್ನು ಕೆಡಹಬೇಕಾದರೆ ಯಜಮಾನನು ಯಾರು ಯಾರನ್ನು ಕೇಳುತ್ತಾನೆ? ಮನೆಯ ಹಿರಿಯರನ್ನು ಕೇಳುತ್ತಾನೆ. ಪುರೋಹಿತರಲ್ಲಿ ಮುಹೂರ್ತ ಕೇಳುತ್ತಾನೆ. ಮೇಸ್ತ್ರಿಯಲ್ಲಿ ಖರ್ಚಿನ ಅಂದಾಜು ಕೇಳುತ್ತಾನೆ. ಕೊನೆಗೆ ಗ್ರಾಮ ಪಂಚಾಯಿತಿಯಲ್ಲಿ ಪರವಾನಗಿ ಕೇಳುತ್ತಾನೆ. ಆದರೆ ಅದೇ ಮನೆಯ ಅಟ್ಟದ ಮೇಲೆ, ಪಕಾಸಿ ಮತ್ತು ಹಂಚುಗಳ ಸಂದಿನಲ್ಲಿ, ಮೂರು ತಲೆಮಾರಿನಿಂದ ತಲೆಕೆಳಗಾಗಿ ನೇತಾಡುತ್ತಿರುವ ಬಾವಲಿಗಳ ವಿಷಯವನ್ನು ಯಾರೂ ಯಾರಲ್ಲಿಯೂ ಕೇಳುವುದಿಲ್ಲ. ಹಂಚು ಇಳಿಸಿದ ದಿನ ಅವು ಹಗಲಿನ ಬೆಳಕಿನಲ್ಲಿ ದಿಕ್ಕುಗಾಣದೆ ಹಾರುತ್ತವೆ, ಹಾರಲಾರದ ಮರಿಗಳು ಅಂಗಳಕ್ಕೆ ಉದುರುತ್ತವೆ, ಕಾಗೆಗಳಿಗೆ ಆಹಾರವಾಗುತ್ತವೆ. ಮರುದಿನ ಯಾರಿಗೂ ಅದರ ನೆನಪಿರುವುದಿಲ್ಲ.

ಇಂಗ್ಲೆಂಡಿನಲ್ಲಿ ಹೀಗೆ ಮಾಡಿದರೆ ಅದು ಅಪರಾಧ. ಅಲ್ಲಿ ಹಳೆಯ ಮನೆಯ ಮಾಡು ಬದಲಿಸಬೇಕಾದರೂ, ಕಣದ ಕೊಟ್ಟಿಗೆಯನ್ನು ವಾಸದ ಮನೆಯಾಗಿ ಮಾರ್ಪಡಿಸಬೇಕಾದರೂ, ಬಾವಲಿ ಇರುವ ಸಂಭವವಿದ್ದಲ್ಲಿ ಮೊದಲು ಬಾವಲಿ ಸಮೀಕ್ಷೆ ನಡೆಯಬೇಕು. ಅದರ ವರದಿಯನ್ನು ಯೋಜನಾ ಅನುಮತಿಯ ಅರ್ಜಿಯೊಂದಿಗೆ ಸಲ್ಲಿಸಬೇಕು. ಈ ಪದ್ಧತಿ ಹೇಗೆ ಹುಟ್ಟಿತು, ಹೇಗೆ ನಡೆಯುತ್ತದೆ, ಎಲ್ಲಿ ಎಡವಿದೆ, ಮಲೆನಾಡಿನ ಹಳ್ಳಿಗಳು ಅದರಿಂದ ಕಲಿಯಬೇಕಾದ ಒಂದು ಪಾಠ ಯಾವುದು ಎಂಬುದನ್ನು ವಿವರಿಸುವುದೇ ಈ ಉಪನ್ಯಾಸದ ಉದ್ದೇಶ.

ಕಾನೂನಿನ ಹಿನ್ನೆಲೆ

ಬ್ರಿಟನ್ನಿನಲ್ಲಿ ಇರುವುದು 18 ಜಾತಿಯ ಬಾವಲಿಗಳು ಮಾತ್ರ. ಅವುಗಳಲ್ಲಿ 17 ಅಲ್ಲಿಯೇ ಮರಿ ಮಾಡುತ್ತವೆ. ಎಲ್ಲವೂ ಕೀಟಾಹಾರಿಗಳು. ಹಣ್ಣು ತಿನ್ನುವ ದೊಡ್ಡ ಬಾವಲಿಗಳು ಅಲ್ಲಿಲ್ಲ. ಭಾರತದಲ್ಲಿರುವ ಜಾತಿಗಳು ಸುಮಾರು 130. ಎಣಿಕೆಯಲ್ಲಿ ಬಡವಾದ ದೇಶವೇ ರಕ್ಷಣೆಯಲ್ಲಿ ಮುಂದಾದದ್ದಕ್ಕೆ ಕಾರಣವಿದೆ. ಅಲ್ಲಿ ಕಾಡು ಸಾವಿರಾರು ವರ್ಷಗಳ ಹಿಂದಿನಿಂದಲೇ ಕರಗುತ್ತ ಬಂದಿತ್ತು. ಪೊಟರೆಯ ಮರಗಳು ಕಡಮೆಯಾದಂತೆ ಬಾವಲಿಗಳು ಮನೆ, ಚರ್ಚು, ಕೊಟ್ಟಿಗೆ, ಸೇತುವೆಗಳನ್ನು ಆಶ್ರಯಿಸಿದವು. ಇಪ್ಪತ್ತನೆಯ ಶತಮಾನದಲ್ಲಿ ಈ ಆಶ್ರಯವೂ ಕೈತಪ್ಪತೊಡಗಿತು. ಮರಮುಟ್ಟಿಗೆ ಹುಳು ಹಿಡಿಯದಂತೆ ಅಟ್ಟದ ತೊಲೆಗಳಿಗೆ ಬಳಿದ ಲಿಂಡೇನ್ ಮುಂತಾದ ವಿಷಗಳು ತೊಲೆಗೆ ಜೋತುಬಿದ್ದ ಬಾವಲಿಗಳನ್ನೂ ಕೊಂದವು. ಹೊಲದ ಕೀಟನಾಶಕಗಳು ಅವುಗಳ ಆಹಾರವನ್ನು ಕಸಿದವು. ದೊಡ್ಡ ಕುದುರೆಲಾಳ ಬಾವಲಿಯ ಸಂಖ್ಯೆ ಆ ಶತಮಾನದಲ್ಲಿ ಶೇಕಡಾ 90ಕ್ಕಿಂತ ಹೆಚ್ಚು ಕುಸಿಯಿತೆಂದು ಅಂದಾಜು.

ಈ ಕುಸಿತದ ವೇಗವನ್ನು ಅರಿಯಲು ಬಾವಲಿಯ ಸಂತಾನಕ್ರಮವನ್ನು ತಿಳಿಯಬೇಕು. ಗಾತ್ರದಲ್ಲಿ ಇಲಿಯಂತಿದ್ದರೂ ಬಾವಲಿಯ ಬಾಳು ಇಲಿಯ ಬಾಳಲ್ಲ. ಇಲಿ ವರ್ಷಕ್ಕೆ ಹಲವು ಸೂಲು ಈಯುತ್ತದೆ. ಬ್ರಿಟನ್ನಿನ ಬಾವಲಿ ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ. ದೊಡ್ಡ ಕುದುರೆಲಾಳ ಬಾವಲಿ 30 ವರ್ಷದವರೆಗೆ ಬದುಕಿದ ದಾಖಲೆಯಿದೆ. ನಿಧಾನವಾಗಿ ಹೆತ್ತು ಬಹುಕಾಲ ಬಾಳುವ ಪ್ರಾಣಿಯ ತಾಯಿಗುಂಪೊಂದು ಒಂದೇ ಹಗಲಿನಲ್ಲಿ ನಾಶವಾದರೆ ಆ ನಷ್ಟ ತುಂಬಲು ದಶಕಗಳು ಬೇಕು. ಬೇಸಗೆಯಲ್ಲಿ ಹೆಣ್ಣುಗಳೆಲ್ಲ ಒಂದೆಡೆ ಕೂಡಿ ಮರಿ ಮಾಡುವುದರಿಂದ, ಒಂದು ಮನೆಯ ಮಾಡು ಕಿತ್ತರೆ ಸುತ್ತಲಿನ ಹತ್ತಾರು ಹೊಲಗಳ ಬಾವಲಿಗಳು ಒಮ್ಮೆಗೇ ಹೋಗುವ ಸಂಭವವಿದೆ.

1981ರಲ್ಲಿ ಬ್ರಿಟಿಷ್ ಸಂಸತ್ತು ವನ್ಯಜೀವಿ ಮತ್ತು ಗ್ರಾಮಾಂತರ ಪ್ರದೇಶ ಕಾಯ್ದೆಯನ್ನು ಅಂಗೀಕರಿಸಿ ಎಲ್ಲ ಬಾವಲಿಗಳಿಗೂ ರಕ್ಷಣೆ ನೀಡಿತು. 1992ರ ಐರೋಪ್ಯ ಆವಾಸ ನಿರ್ದೇಶನದಿಂದ ಈ ರಕ್ಷಣೆ ಮತ್ತಷ್ಟು ಬಿಗಿಯಾಯಿತು. 1994ರಲ್ಲಿ ಅದಕ್ಕೆ ತಕ್ಕ ನಿಯಮಗಳು ಬಂದವು. ಬ್ರಿಟನ್ 2020ರಲ್ಲಿ ಐರೋಪ್ಯ ಒಕ್ಕೂಟದಿಂದ ಹೊರಬಂದ ಮೇಲೂ ಈ ನಿಯಮಗಳು ಉಳಿದವು. ಇವುಗಳಲ್ಲಿ ಒಂದು ಅಂಶ ಬಹಳ ಮುಖ್ಯವಾದುದು. ರಕ್ಷಣೆ ಇರುವುದು ಬಾವಲಿಗೆ ಮಾತ್ರವಲ್ಲ, ಅದರ ತಂಗುದಾಣಕ್ಕೂ ಇದೆ. ಬಾವಲಿಗಳು ವಲಸೆ ಹೋಗಿ ಅಟ್ಟ ಬರಿದಾಗಿರುವಾಗಲೂ ಆ ಅಟ್ಟ ತಂಗುದಾಣವೇ. ಬೇಸಗೆಯ ತವರುಮನೆ ಚಳಿಗಾಲದಲ್ಲಿ ಖಾಲಿಯಿರುತ್ತದೆ. ಖಾಲಿಯಿದೆಯೆಂದು ಕಿತ್ತರೆ ಮುಂದಿನ ಬೇಸಗೆಗೆ ಬಸುರಿ ಬಾವಲಿಗಳು ಎಲ್ಲಿಗೆ ಹೋಗಬೇಕು ಎಂಬುದು ಇದರ ಹಿಂದಿನ ವಿಚಾರ. ತಪ್ಪಿದರೆ ಮಿತಿಯಿಲ್ಲದ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡೂ.

ಕೇಳುವ ಕ್ರಮ

ಕಾಯ್ದೆ ಬಂದೊಡನೆ ಎಲ್ಲವೂ ಸರಿಹೋಗಲಿಲ್ಲ. ಮೊದಮೊದಲು ಹಲವು ಕಡೆ ಅನುಮತಿ ಕೊಟ್ಟು, ಬಳಿಕ ಸಮೀಕ್ಷೆ ಮಾಡಿಸಿಕೊಳ್ಳಿರಿ ಎಂದು ಷರತ್ತು ಬರೆಯುವ ರೂಢಿಯಿತ್ತು. ಅನುಮತಿ ಕೈಗೆ ಬಂದ ಮೇಲಿನ ಸಮೀಕ್ಷೆಗೆ ಬೆಲೆಯೇನು? ಬಾವಲಿ ಇದ್ದರೂ ಕಟ್ಟಡ ಏಳುವುದು ಖಚಿತವಾಗಿರುತ್ತದೆ. ಆದುದರಿಂದ 2005ರಲ್ಲಿ ಇಂಗ್ಲೆಂಡಿನ ಸರ್ಕಾರಿ ಸುತ್ತೋಲೆಯೊಂದು ಸ್ಪಷ್ಟವಾಗಿ ಹೇಳಿತು: ಸಂರಕ್ಷಿತ ಜೀವಿ ಇದೆಯೇ ಇಲ್ಲವೇ, ಯೋಜನೆಯಿಂದ ಅದಕ್ಕೆ ಎಷ್ಟರಮಟ್ಟಿಗೆ ಬಾಧೆಯಾದೀತು ಎಂಬುದು ಅನುಮತಿ ನೀಡುವ ಮೊದಲೇ ತಿಳಿದಿರಬೇಕು. 2009ರಲ್ಲಿ ಚೆಷೈರ್ ಈಸ್ಟ್ ಕೌನ್ಸಿಲಿನ ವಿರುದ್ಧದ ಪ್ರಕರಣದಲ್ಲಿ, ಬಾವಲಿಗಳಿಗೆ ಸಂಬಂಧಿಸಿದ ಕಾನೂನಿನ ಪ್ರಶ್ನೆಗಳನ್ನು ಪರಿಶೀಲಿಸದೆಯೇ ಅನುಮತಿ ಕೊಟ್ಟ ಪ್ರಾಧಿಕಾರವು ತನ್ನ ಕರ್ತವ್ಯವನ್ನು ನಿರ್ವಹಿಸಿಲ್ಲವೆಂದು ನ್ಯಾಯಾಲಯ ತೀರ್ಮಾನಿಸಿತು.

ಆ ಪ್ರಶ್ನೆಗಳು ಮೂರು. ತಂಗುದಾಣವನ್ನು ಕೆಡಿಸಲೇಬೇಕಾದಷ್ಟು ಪ್ರಬಲವಾದ ಸಾರ್ವಜನಿಕ ಹಿತ ಈ ಕೆಲಸದಲ್ಲಿ ಇದೆಯೇ? ಬೇರೆ ತೃಪ್ತಿಕರವಾದ ದಾರಿ ಇಲ್ಲವೇ? ಕೆಲಸ ಮುಗಿದ ಮೇಲೂ ಆ ಜಾತಿಯ ಬಾವಲಿಗಳ ಸ್ಥಿತಿ ಆ ಪ್ರದೇಶದಲ್ಲಿ ಸುಸ್ಥಿರವಾಗಿ ಉಳಿಯುವುದೇ? ಮೂರಕ್ಕೂ ಸಮರ್ಪಕವಾದ ಉತ್ತರ ದೊರೆತರೆ ನ್ಯಾಚುರಲ್ ಇಂಗ್ಲೆಂಡ್ ಎಂಬ ಸರ್ಕಾರಿ ಸಂಸ್ಥೆ ಪರವಾನಗಿ ಕೊಡುತ್ತದೆ. ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ದೂರಮಾಡಬೇಕು. ಬಾವಲಿ ಇದೆಯೆಂದ ಮಾತ್ರಕ್ಕೆ ಮನೆ ಕಟ್ಟಬಾರದೆಂದು ಆ ಕಾನೂನು ಹೇಳುವುದಿಲ್ಲ. 2011ರಲ್ಲಿ ಹ್ಯಾಂಪ್‌ಷೈರಿನ ಹಳೆಯ ರೈಲುಹಾದಿಯಲ್ಲಿ ಬಸ್ಸು ಮಾರ್ಗ ನಿರ್ಮಿಸುವ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಅನುಮತಿಯನ್ನು ಎತ್ತಿಹಿಡಿಯಿತು. ಕಾನೂನು ನೋಡುವುದು ಕ್ರಮವನ್ನು. ಮೊದಲು ತಿಳಿಯಬೇಕು, ಬಳಿಕ ತೀರ್ಮಾನಿಸಬೇಕು, ಆಮೇಲೆ ಕೆಡಹಬೇಕು.

ಈ ಕ್ರಮವನ್ನು ಮುರಿದವರ ಉದಾಹರಣೆಯೂ ಇದೆ. ಲಂಡನ್ನಿನ ಗ್ರೀನ್‌ವಿಚ್ ಪ್ರದೇಶದಲ್ಲಿ ದೊಡ್ಡ ಗೃಹನಿರ್ಮಾಣ ಕಂಪನಿಯೊಂದು ಕೆಡಹಬೇಕಾಗಿದ್ದ ಕಟ್ಟಡದಲ್ಲಿ ಬಾವಲಿಗಳಿರುವುದು 2017ರಲ್ಲೇ ದಾಖಲಾಗಿತ್ತು. ಪರವಾನಗಿ ಬೇಕೆಂದು ತಿಳಿದಿದ್ದರೂ ಕಂಪನಿ 2018ರಲ್ಲಿ ಕಟ್ಟಡ ಕೆಡಹಿತು. 2020ರ ಡಿಸೆಂಬರಿನಲ್ಲಿ ನ್ಯಾಯಾಲಯ ವಿಧಿಸಿದ ದಂಡ ಆರು ಲಕ್ಷ ಪೌಂಡು. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಸಮೀಕ್ಷೆಯ ಆ ಬರಹ ಇರದಿದ್ದರೆ ಮೊಕದ್ದಮೆಯೇ ನಿಲ್ಲುತ್ತಿರಲಿಲ್ಲ. ಬಾವಲಿಗಳು ಹೋದ ಮೇಲೆ ಅವು ಅಲ್ಲಿ ಇದ್ದುವೆಂಬುದಕ್ಕೆ ಕಾಗದವೊಂದೇ ಸಾಕ್ಷಿ.

ಹಗಲಿನ ಪರೀಕ್ಷೆ

ಸಮೀಕ್ಷೆಯಲ್ಲಿ ಎರಡು ಹಂತಗಳಿವೆ. ಮೊದಲನೆಯದು ಹಗಲಿನಲ್ಲಿ ನಡೆಯುತ್ತದೆ. ವರ್ಷದ ಯಾವ ಕಾಲದಲ್ಲಾದರೂ ಮಾಡಬಹುದು. ಪರವಾನಗಿ ಪಡೆದ ಸಮೀಕ್ಷಕನು ಏಣಿ, ಕೈದೀಪ, ಸಣ್ಣ ಕನ್ನಡಿಗಳೊಡನೆ ಕಟ್ಟಡದ ಒಳಹೊರಗನ್ನು ಶೋಧಿಸುತ್ತಾನೆ. ಅವನು ಹುಡುಕುವುದು ಬಾವಲಿಗಿಂತ ಹೆಚ್ಚಾಗಿ ಅದರ ಕುರುಹುಗಳನ್ನು. ಐದು ಗ್ರಾಮಿನಷ್ಟು ತೂಗುವ ಪಿಪಿಸ್ಟ್ರೆಲ್ ಬಾವಲಿಗೆ ಒಳಹೊಗಲು ಒಂದೂವರೆ ಎರಡು ಸೆಂಟಿಮೀಟರ್ ಸಂದು ಸಾಕು. ಹಗಲಿನಲ್ಲಿ ಅದು ಕಣ್ಣಿಗೆ ಬೀಳುವುದೇ ಅಪರೂಪ. ಆದರೆ ಸಂದಿನ ಕೆಳಗೆ ಹಿಕ್ಕೆ ಬಿದ್ದಿರುತ್ತದೆ, ಬಾಯಿಯ ಬಳಿ ಮೈಯ ಎಣ್ಣೆಯ ಕಪ್ಪು ಕಲೆ ಇರುತ್ತದೆ, ನೆಲದ ಮೇಲೆ ತಿಂದುಳಿದ ಪತಂಗದ ರೆಕ್ಕೆಗಳು ಚದುರಿರುತ್ತವೆ.

ಹಿಕ್ಕೆಯ ಪರೀಕ್ಷೆ ಬಲು ಸರಳ. ಕೀಟಾಹಾರಿ ಬಾವಲಿಯ ಹಿಕ್ಕೆಯನ್ನು ಕಾಗದದ ನಡುವೆ ಇಟ್ಟು ಒತ್ತಿದರೆ ಪುಡಿಯಾಗುತ್ತದೆ; ಪುಡಿಯಲ್ಲಿ ಕೀಟಗಳ ಕವಚದ ಚೂರುಗಳು ಹೊಳೆಯುತ್ತವೆ. ಇಲಿಯ ಹಿಕ್ಕೆ ಗಟ್ಟಿಯಾಗಿ ಉಳಿಯುತ್ತದೆ. ಮಲೆನಾಡಿನ ಅಟ್ಟಗಳಲ್ಲಿ ಹಲ್ಲಿಯ ಹಿಕ್ಕೆಯೂ ಸೇರಿರುವುದರಿಂದ ಇನ್ನೊಂದು ಗುರುತು ತಿಳಿದಿರಬೇಕು: ಹಲ್ಲಿಯ ಹಿಕ್ಕೆಯ ತುದಿಯಲ್ಲಿ ಬಿಳಿಯ ಚುಕ್ಕೆ ಇರುತ್ತದೆ.

ಮುಸ್ಸಂಜೆಯ ಎಣಿಕೆ

ಕುರುಹು ಸಿಕ್ಕರೆ ಅಥವಾ ಬಾವಲಿಗೆ ಅನುಕೂಲವಾದ ಸಂದುಗಳಿದ್ದರೆ ಎರಡನೆಯ ಹಂತ ಬರುತ್ತದೆ. ಸೂರ್ಯಾಸ್ತಕ್ಕೆ ಕಾಲು ಗಂಟೆ ಮೊದಲು ಸಮೀಕ್ಷಕರು ಕಟ್ಟಡದ ಎಲ್ಲ ಮಗ್ಗುಲುಗಳೂ ಕಾಣುವಂತೆ ಹಂಚಿಕೊಂಡು ಕೂರುತ್ತಾರೆ. ಒಂದೂವರೆ ಎರಡು ಗಂಟೆಯವರೆಗೆ ಕದಲುವುದಿಲ್ಲ. ಯಾವ ಸಂದಿನಿಂದ, ಎಷ್ಟು ಹೊತ್ತಿಗೆ, ಎಷ್ಟು ಬಾವಲಿಗಳು ಹೊರಬಿದ್ದವು, ಎಷ್ಟು ಮರಳಿದವು ಎಂದು ಬರೆಯುತ್ತಾರೆ. ಬಾವಲಿಯ ಕೂಗು ಮನುಷ್ಯನ ಕಿವಿಗೆ ಕೇಳಿಸದು. ಶ್ರವಣಾತೀತ ಧ್ವನಿಯನ್ನು ಕೇಳುವಂತೆ ಇಳಿಸಿಕೊಡುವ ಸಣ್ಣ ಯಂತ್ರವೊಂದು ಅವರ ಕೈಯಲ್ಲಿರುತ್ತದೆ. ಅದರ ನೆರವಿನಿಂದ ಜಾತಿಯನ್ನೂ ಗುರುತಿಸುತ್ತಾರೆ.

ಈ ಯಂತ್ರದ ಉಪಯೋಗ ಎಷ್ಟೆಂಬುದಕ್ಕೆ ಒಂದು ನಿದರ್ಶನ. ಬ್ರಿಟನ್ನಿನ ಅತಿ ಸಾಮಾನ್ಯ ಬಾವಲಿಯಾದ ಪಿಪಿಸ್ಟ್ರೆಲ್ ಒಂದೇ ಜಾತಿಯೆಂದು ಬಹುಕಾಲ ನಂಬಲಾಗಿತ್ತು. 1990ರ ದಶಕದಲ್ಲಿ ಕೂಗುಗಳನ್ನು ಅಳೆದಾಗ ಕೆಲವು ಗುಂಪುಗಳು 45 ಕಿಲೋಹರ್ಟ್ಸ್ ಸುಮಾರಿಗೆ, ಕೆಲವು 55 ಕಿಲೋಹರ್ಟ್ಸ್ ಸುಮಾರಿಗೆ ಕೂಗುತ್ತವೆಂದು ತಿಳಿಯಿತು. ವಂಶವಾಹಿಯ ಪರೀಕ್ಷೆಯೂ ಅವು ಎರಡು ಬೇರೆ ಜಾತಿಗಳೆಂದು ಸಾಧಿಸಿತು. ಪ್ರತಿ ಮನೆಯ ಸೂರಿನಲ್ಲೂ ಇದ್ದ ಪ್ರಾಣಿಯಲ್ಲಿಯೇ ಇನ್ನೊಂದು ಜಾತಿ ಅಡಗಿ ಕುಳಿತಿತ್ತು.

ಮುಸ್ಸಂಜೆಯ ಸಮೀಕ್ಷೆಗೆ ಋತುವಿನ ಕಟ್ಟು ಇದೆ. ಮೇ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಮಾತ್ರ ಅದು ನಡೆಯುತ್ತದೆ. ಚಳಿಗಾಲದಲ್ಲಿ ಬಾವಲಿಗಳು ದೀರ್ಘನಿದ್ದೆಯಲ್ಲಿರುತ್ತವೆ. ಆಗ ಹೊರಗೆ ಬಾರದಿದ್ದರೆ ಇಲ್ಲವೆಂದು ಅರ್ಥವಲ್ಲ. ಅಕ್ಟೋಬರಿನಲ್ಲಿ ಎಚ್ಚರಗೊಂಡ ಅರ್ಜಿದಾರನು ಮುಂದಿನ ಮೇ ತಿಂಗಳವರೆಗೆ ಕಾಯಬೇಕು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದು ಮುಂಗಾರಿಗೆ ಮೊದಲೇ ಆಗಬೇಕಲ್ಲದೆ ಕಾಯಿ ಉದುರಿದ ಮೇಲಲ್ಲ ಎಂಬುದನ್ನು ಬಲ್ಲ ಮಲೆನಾಡಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಟ್ಟಡದಲ್ಲಿ ಬಾವಲಿ ಇರುವ ಸಾಧ್ಯತೆ ಕಡಮೆಯಿದ್ದರೆ ಒಂದು ಸಂಜೆ, ಮಧ್ಯಮವಾಗಿದ್ದರೆ ಎರಡು, ಹೆಚ್ಚಿದ್ದರೆ ಮೂರು ಸಂಜೆ ಕೂರಬೇಕೆಂಬುದು ಸಾಮಾನ್ಯ ನಿಯಮ. ಬ್ಯಾಟ್ ಕನ್ಸರ್ವೇಶನ್ ಟ್ರಸ್ಟ್ ಎಂಬ ಸಂಸ್ಥೆ 2007ರಿಂದ ಈ ಮಾರ್ಗಸೂಚಿಯನ್ನು ಪ್ರಕಟಿಸುತ್ತ ಬಂದಿದೆ. 2023ರ ನಾಲ್ಕನೆಯ ಆವೃತ್ತಿಯು ಕತ್ತಲಿನಲ್ಲಿ ಕಾಣುವ ಕ್ಯಾಮೆರಾಗಳ ಬಳಕೆಗೆ ಒತ್ತು ಕೊಟ್ಟಿದೆ. ಬರಿಗಣ್ಣಿಗೆ ತಪ್ಪಿಸಿಕೊಳ್ಳುವ ಬಾವಲಿಗಳು ಬಹಳವೆಂಬುದು ಇಷ್ಟು ವರ್ಷಗಳ ಅನುಭವದಿಂದ ತಿಳಿದದ್ದೇ ಇದಕ್ಕೆ ಕಾರಣ.

ಮನೆಯಿದ್ದರೆ ಸಾಲದು, ಹೊಲವೂ ಬೇಕು

ಕೃಷಿಕರು ವಿಶೇಷವಾಗಿ ಗಮನಿಸಬೇಕಾದ ಪ್ರದೇಶ ಇಂಗ್ಲೆಂಡಿನ ನೈಋತ್ಯದ ಡೆವನ್. ಅಲ್ಲಿನ ಬಕ್‌ಫಾಸ್ಟ್‌ಲೀ ಎಂಬ ಊರಿನಲ್ಲಿ ದೊಡ್ಡ ಕುದುರೆಲಾಳ ಬಾವಲಿಗಳ ಬಹುದೊಡ್ಡ ಗುಂಪೊಂದಿದೆ. ಈ ಬಾವಲಿಯ ಎಳೆಯ ಮರಿಗಳು ಮೊದಲ ಬಾರಿಗೆ ಬೇಟೆಗೆ ಹೊರಟಾಗ ತಂಗುದಾಣದಿಂದ ಸುಮಾರು ಒಂದು ಕಿಲೋಮೀಟರಿನೊಳಗೆ ಆಹಾರ ಹುಡುಕುತ್ತವೆ. ಅವುಗಳ ಮುಖ್ಯ ಆಹಾರ ಸಗಣಿಹುಳು. ಸಗಣಿಹುಳು ಇರಬೇಕಾದರೆ ದನ ಮೇಯುವ ಹುಲ್ಲುಗಾವಲು ಇರಬೇಕು. ದನಗಳಿಗೆ ಐವರ್‌ಮೆಕ್ಟಿನ್‌ನಂಥ ಜಂತುನಾಶಕವನ್ನು ಅತಿಯಾಗಿ ಕೊಟ್ಟರೆ ಸಗಣಿಯಲ್ಲಿ ಉಳಿಯುವ ಅಂಶ ಹುಳುವಿನ ಮರಿಗಳನ್ನು ಕೊಲ್ಲುತ್ತದೆ. ದನ, ಸಗಣಿ, ಹುಳು, ಬಾವಲಿ ಇವು ಒಂದೇ ಸರಪಳಿಯ ಕೊಂಡಿಗಳು.

ಆದುದರಿಂದ ಅಲ್ಲಿನ ಯೋಜನಾ ಪ್ರಾಧಿಕಾರಗಳು ತಂಗುದಾಣದ ಕಟ್ಟಡವನ್ನಷ್ಟೇ ನೋಡದೆ ಅದರ ಸುತ್ತಲಿನ ನಾಲ್ಕು ಕಿಲೋಮೀಟರ್ ಪ್ರದೇಶವನ್ನು ಆಹಾರವಲಯವೆಂದು ಗುರುತಿಸಿವೆ. ಬಾವಲಿಗಳು ಬಯಲನ್ನು ದಾಟಲು ಹೆದರುತ್ತವೆ. ಜೀವಂತ ಬೇಲಿಯ ಸಾಲನ್ನು ಹಿಡಿದೇ ಹೋಗುತ್ತವೆ. ಒಂದು ಬೇಲಿ ಕಡಿದರೂ, ಒಂದು ಪ್ರಖರ ದೀಪ ನೆಟ್ಟರೂ ದಾರಿ ತುಂಡಾಗುತ್ತದೆ. ಹೊಸ ಬಡಾವಣೆಗೆ ಅರ್ಜಿ ಹಾಕುವವನು ಬೇಲಿಯನ್ನೂ ಕತ್ತಲೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಈ ಚಿಕ್ಕ ಪ್ರಾಣಿಗಳಿಂದ ಬೇಸಾಯಕ್ಕೆ ಏನು ಪ್ರಯೋಜನವೆಂದು ಕೇಳುವವರಿಗೆ ಸ್ಪೇನಿನ ಎಬ್ರೋ ನದೀಮುಖದ ಭತ್ತದ ಗದ್ದೆಗಳು ಉತ್ತರ ಕೊಡುತ್ತವೆ. ಅಲ್ಲಿ ಬಾವಲಿಗಳಿಗಾಗಿ ಮರದ ಪೆಟ್ಟಿಗೆಗಳನ್ನು ನಿಲ್ಲಿಸಲಾಯಿತು. ಪಿಪಿಸ್ಟ್ರೆಲ್‌ಗಳು ಬಂದು ನೆಲಸಿ ಭತ್ತದ ಕಾಂಡಕೊರಕದ ಪತಂಗಗಳನ್ನು ತಿಂದವು. ಕೀಟದ ಹಾವಳಿ ತಗ್ಗಿತು. ಮಲೆನಾಡಿನ ಗದ್ದೆಗೆ ಕಾಂಡಕೊರಕ ಹೊಸ ಶತ್ರುವೇನಲ್ಲ.

ಪದ್ಧತಿಯ ಲೋಪಗಳು

ದೂರದ ದೇಶದ ಪದ್ಧತಿಯೆಂದು ಕಣ್ಣುಮುಚ್ಚಿ ಹೊಗಳುವುದು ಸರಿಯಲ್ಲ. ಮೊದಲನೆಯದಾಗಿ, ಸಮೀಕ್ಷಕನಿಗೆ ಹಣ ಕೊಡುವವನು ಕಟ್ಟಡದ ಮಾಲೀಕನೇ. ಕೂಲಿ ಕೊಡುವವನಿಗೆ ಅಹಿತವಾದ ವರದಿ ಬರೆಯುವ ಧೈರ್ಯ ಎಲ್ಲರಿಗೂ ಇರುವುದಿಲ್ಲ. ಎರಡನೆಯದಾಗಿ, ಸಣ್ಣ ಮನೆಯ ಮಾಡು ರಿಪೇರಿ ಮಾಡಿಸುವ ಬಡವನಿಗೂ ನೂರು ಮನೆ ಕಟ್ಟುವ ಕಂಪನಿಗೂ ಸಮೀಕ್ಷೆಯ ಹೊರೆ ಸಮಾನವಲ್ಲ. ಮೂರನೆಯದು ಎಲ್ಲಕ್ಕಿಂತ ಗಂಭೀರವಾದುದು. 2013ರಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯದ ಸಂಶೋಧಕರು ಇಂಗ್ಲೆಂಡಿನ ಹಳೆಯ ಪರವಾನಗಿ ಕಡತಗಳನ್ನು ಪರಿಶೀಲಿಸಿದಾಗ, ಸುಮಾರು ಮೂರರಲ್ಲಿ ಎರಡು ಪಾಲು ಪರವಾನಗಿದಾರರು ತಾವು ಸಲ್ಲಿಸಬೇಕಾಗಿದ್ದ ವರದಿಗಳನ್ನು ಸಲ್ಲಿಸಿಯೇ ಇರಲಿಲ್ಲ. ಕೆಡಹಿದ ತಂಗುದಾಣಕ್ಕೆ ಬದಲಾಗಿ ಇಟ್ಟ ಪೆಟ್ಟಿಗೆಗೆ ಬಾವಲಿ ಬಂತೇ ಎಂಬುದನ್ನು ನೋಡುವವರೇ ಇರಲಿಲ್ಲ.

ವೆಚ್ಚದ ವಿವಾದವೂ ದೊಡ್ಡದು. ಲಂಡನ್ನಿನಿಂದ ಉತ್ತರಕ್ಕೆ ಹೋಗುವ ಅತಿವೇಗದ ರೈಲುಮಾರ್ಗಕ್ಕೆ ಬಕಿಂಗ್‌ಹ್ಯಾಮ್‌ಷೈರಿನ ಶೀಪ್‌ಹೌಸ್ ವುಡ್ ಎಂಬ ಕಾಡಿನ ಪಕ್ಕದಲ್ಲಿ, ಅಪರೂಪದ ಬೆಕ್‌ಸ್ಟೈನ್ ಬಾವಲಿಗಳನ್ನು ರಕ್ಷಿಸಲು, ಸುಮಾರು ಒಂದು ಕಿಲೋಮೀಟರ್ ಉದ್ದದ ಹೊದಿಕೆಯನ್ನು ನಿರ್ಮಿಸುವ ಯೋಜನೆಗೆ ಹತ್ತು ಕೋಟಿ ಪೌಂಡಿಗಿಂತ ಹೆಚ್ಚು ತಗಲುವುದೆಂದು 2024ರಲ್ಲಿ ಬಹಿರಂಗವಾದಾಗ ಭಾರೀ ಚರ್ಚೆ ಎದ್ದಿತು. 2025ರಲ್ಲಿ ಬ್ರಿಟಿಷ್ ಸರ್ಕಾರ ಯೋಜನಾ ಕಾನೂನನ್ನು ತಿದ್ದಿ, ಕೆಲವು ಸಂದರ್ಭಗಳಲ್ಲಿ ಕಟ್ಟುವವರು ನಿಧಿಯೊಂದಕ್ಕೆ ಹಣ ಕಟ್ಟಿ, ಸಂರಕ್ಷಣೆಯನ್ನು ನ್ಯಾಚುರಲ್ ಇಂಗ್ಲೆಂಡ್ ವಿಶಾಲ ಪ್ರದೇಶದಲ್ಲಿ ನಡೆಸುವ ದಾರಿಯನ್ನು ತೆರೆಯಿತು. ಹಣದಿಂದ ಇನ್ನೊಂದೆಡೆ ಮರ ನೆಡಬಹುದು. ಆದರೆ ತಾಯಿಬಾವಲಿ ಮರಳಿ ಬರುವುದು ತಾನು ಹುಟ್ಟಿದ ಅಟ್ಟಕ್ಕೆ. ಈ ಆಕ್ಷೇಪವನ್ನು ಅಲ್ಲಿನ ಸಂರಕ್ಷಕರು ಎತ್ತಿದ್ದು ಅಸಹಜವಲ್ಲ.

ಕರ್ನಾಟಕದ ಸ್ಥಿತಿ

ಇನ್ನು ಈ ನೆಲದ ಕಡೆಗೆ ತಿರುಗಬೇಕು. 1972ರ ಭಾರತದ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹಣ್ಣುಬಾವಲಿಗಳು ಬಹುಕಾಲ ಇಲಿ, ಕಾಗೆಗಳೊಡನೆ ಉಪದ್ರವಿಗಳ ಅನುಸೂಚಿಯಲ್ಲಿದ್ದವು. 2022ರ ತಿದ್ದುಪಡಿ ಆ ಅನುಸೂಚಿಯನ್ನು ತೆಗೆದುಹಾಕಿತು. ಅದು 2023ರ ಏಪ್ರಿಲಿನಲ್ಲಿ ಜಾರಿಗೆ ಬಂದಿತು. ಆದರೆ ಅಟ್ಟದ ಸಾಮಾನ್ಯ ಬಾವಲಿಯ ವಿಷಯವನ್ನು ಮನೆ ಕೆಡಹುವ ಮುನ್ನ ಕೇಳಬೇಕೆಂಬ ವ್ಯವಸ್ಥೆ ಇಲ್ಲಿಲ್ಲ. 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ಕಟ್ಟಡಗಳಿಗೆ ಪೂರ್ವಾನುಮತಿ ಬೇಕಾಗುವುದು 20,000 ಚದರ ಮೀಟರ್ ನಿರ್ಮಾಣ ಪ್ರದೇಶದಿಂದ ಮೇಲಕ್ಕೆ. ಬೆಟ್ಟದ ನೆತ್ತಿಯ ಹೋಂಸ್ಟೇಗಳೂ ಹೆಚ್ಚಿನ ರೆಸಾರ್ಟುಗಳೂ ಈ ಅಳತೆಯ ಕೆಳಗೇ ನಿಲ್ಲುತ್ತವೆ. ಭೂಕಂದಾಯ ಕಾಯ್ದೆಯಡಿ ಭೂಪರಿವರ್ತನೆಯ ಅರ್ಜಿ, ಪಂಚಾಯಿತಿಯ ಕಟ್ಟಡ ಪರವಾನಗಿ ಇಷ್ಟಾದರೆ ಗುದ್ದಲಿ ಬೀಳುತ್ತದೆ.

ಎಣಿಸದಿದ್ದರೆ ಏನಾಗಬಹುದಿತ್ತು, ಎಣಿಸಿದ್ದರಿಂದ ಏನಾಯಿತು ಎಂಬುದಕ್ಕೆ ಕೋಲಾರವೇ ಸಾಕ್ಷಿ. ಕೋಲಾರದ ಎಲೆಮೂಗಿನ ಬಾವಲಿ 1994ರಲ್ಲಿ ವಿಜ್ಞಾನಕ್ಕೆ ಪರಿಚಯವಾಯಿತು. ಬಳಿಕ ಒಸ್ಮಾನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಹುಡುಕಿದಾಗ ಅದು ಉಳಿದಿದ್ದುದು ಹನುಮನಹಳ್ಳಿಯ ಒಂದೇ ಗುಹೆಯಲ್ಲಿ, ಇನ್ನೂರಕ್ಕೂ ಕಡಮೆ ಸಂಖ್ಯೆಯಲ್ಲಿ. ಸುತ್ತ ಗ್ರಾನೈಟ್ ಗಣಿಗಾರಿಕೆ ನಡೆದಿತ್ತು. ಎಣಿಕೆ ಕಾಗದಕ್ಕೆ ಇಳಿದ ಮೇಲೆ ರಾಜ್ಯ ಸರ್ಕಾರ ಅಲ್ಲಿನ ಗಣಿಗಾರಿಕೆಗೆ ತಡೆ ಹಾಕಿತು. ಜಗತ್ತಿನಲ್ಲಿ ಬೇರೆಲ್ಲಿಯೂ ಕಂಡುಬಾರದ ಪ್ರಾಣಿಯೊಂದು ಕೆಲವು ಸಿಡಿಮದ್ದಿನ ದಿನಗಳ ಅಂತರದಲ್ಲಿ ಉಳಿಯಿತು. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಬಾರಾಪೇಡೆ ಗುಹೆಯ ರಾಟನ್ ಬಾಲಬಿಚ್ಚು ಬಾವಲಿಗೂ 1913ರಷ್ಟು ಹಿಂದೆಯೇ ಹೆಸರು ಸಿಕ್ಕಿತ್ತು. ಅದರ ಕಾಡು 2011ರಲ್ಲಿ ಭೀಮಗಡ ವನ್ಯಜೀವಿಧಾಮವಾಯಿತು. ಹೆಸರೂ ಸಂಖ್ಯೆಯೂ ಇದ್ದವಕ್ಕೆ ಒಂದು ದಾರಿ ಸಿಕ್ಕಿತು. ಹೆಸರಿಲ್ಲದ, ಸಂಖ್ಯೆಯಿಲ್ಲದ ಅಟ್ಟದ ಬಾವಲಿಗಳಿಗೆ ಸಿಗಲಿಲ್ಲ.

ಹಳ್ಳಿ ಮಾಡಬಹುದಾದದ್ದು

ಇಂಗ್ಲೆಂಡಿನ ಕಾನೂನನ್ನು ಇಲ್ಲಿಗೆ ಹೊತ್ತು ತರುವುದು ಸಾಧ್ಯವೂ ಅಲ್ಲ, ಅಗತ್ಯವೂ ಅಲ್ಲ. ತರಬೇಕಾದದ್ದು ಆ ಕ್ರಮವನ್ನು ಮಾತ್ರ: ಕೆಡಹುವ ಮುನ್ನ ನೋಡುವುದು, ನೋಡಿದ್ದನ್ನು ಬರೆಯುವುದು. ಅದಕ್ಕೆ ಬೇಕಾದ ಸಾಧನ ಈಗಾಗಲೇ ಪಂಚಾಯಿತಿಯ ಕೈಯಲ್ಲಿದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಸ್ಥಳೀಯ ಸಂಸ್ಥೆಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲೆಯನ್ನು ಸಿದ್ಧಪಡಿಸಬೇಕು. ಬಾವಲಿ ತಂಗುವ ಗುಹೆ, ಮರ, ಹಳೆಯ ಮನೆ, ದೇವಸ್ಥಾನ, ಸೇತುವೆಗಳ ಒಂದು ಪುಟ ಆ ದಾಖಲೆಗೆ ಸೇರಿದರೆ, ಪರವಾನಗಿಯ ಅರ್ಜಿ ಬಂದಾಗ ಗ್ರಾಮಸಭೆಯಲ್ಲಿ ಎತ್ತಲು ಒಂದು ಆಧಾರವಿರುತ್ತದೆ.

ವಿದ್ಯಾರ್ಥಿಗಳು ಈ ಕೆಲಸಕ್ಕೆ ಯಂತ್ರಕ್ಕಾಗಿ ಕಾಯಬೇಕಾಗಿಲ್ಲ. ಸೂರ್ಯಾಸ್ತಕ್ಕೆ ಕಾಲು ಗಂಟೆ ಮೊದಲು ಮನೆಯ ನಾಲ್ಕು ಮಗ್ಗುಲಲ್ಲಿ ನಾಲ್ವರು ಕುಳಿತು, ಹೊರಬಿದ್ದವನ್ನೂ ಒಳಹೊಕ್ಕವನ್ನೂ ಬೇರೆಬೇರೆಯಾಗಿ ಎಣಿಸಬೇಕು. ದಿನಾಂಕ, ಹೊತ್ತು, ಮೋಡ, ಮಳೆ, ಸಂದಿನ ಸ್ಥಾನ ಇವನ್ನು ಬರೆಯಬೇಕು. ಸಂದಿನ ಬಾಯಿಗೆ ಬ್ಯಾಟರಿ ಬೆಳಕು ಹಾಯಿಸಬಾರದು. ಗುಹೆಯೊಳಗೆ ಹೋಗಬಾರದು. ಒಂದು ಸಂಜೆಯ ಎಣಿಕೆ ನೆಚ್ಚತಕ್ಕದ್ದಲ್ಲ. ಬೇಸಗೆ, ಮಳೆಗಾಲದ ಬಿಡುವು, ಚಳಿಗಾಲ ಮೂರರಲ್ಲೂ ಕೂರಬೇಕು. ಜಾತಿಯಿಂದ ಜಾತಿಗೆ ಮರಿ ಹಾಕುವ ಕಾಲ ಬೇರೆಯಾದುದರಿಂದ, ಯಾವ ಅಟ್ಟದಲ್ಲಿ ಯಾವ ತಿಂಗಳಿನಲ್ಲಿ ಮರಿಗಳಿರುತ್ತವೆ ಎಂಬುದನ್ನು ಆ ಅಟ್ಟದ ಎಣಿಕೆಯೇ ಹೇಳಬೇಕು.

ಮಾಡು ಬದಲಿಸಲೇಬೇಕಾದ ರೈತನು ಏನು ಮಾಡಬೇಕು? ಮರಿಗಳು ಹಾರಲು ಕಲಿಯುವವರೆಗೆ ಕಾಯಬೇಕು. ಸಂಜೆ ಅವು ಹೊರಟುಹೋದ ಮೇಲೆ, ಒಳಗೆ ಒಂದೂ ಉಳಿದಿಲ್ಲವೆಂದು ಖಚಿತಪಡಿಸಿಕೊಂಡು ಹಂಚು ಇಳಿಸಬೇಕು. ಹೊಸ ಮಾಡಿನ ಸೂರಿನಲ್ಲಿ ಎರಡು ಸೆಂಟಿಮೀಟರಿನ ಒಂದು ಸಂದನ್ನು ಉಳಿಸಬೇಕು. ಇದಕ್ಕೆ ತಗಲುವ ಖರ್ಚು ಮೇಸ್ತ್ರಿಗೆ ಹೇಳುವ ಒಂದು ಮಾತು.

ರೋಗದ ಭಯವನ್ನು ಕಡೆಗಣಿಸಬಾರದು. 2018ರಲ್ಲಿ ಕೇರಳದ ಕೋಳಿಕ್ಕೋಡಿನಲ್ಲಿ ಕಾಣಿಸಿಕೊಂಡ ನಿಪಾ ವೈರಾಣುವಿನ ನೈಸರ್ಗಿಕ ಆಶ್ರಯ ಹಣ್ಣುಬಾವಲಿ. ಬ್ರಿಟನ್ನಿನಲ್ಲಿಯೂ 2002ರಲ್ಲಿ ಬಾವಲಿ ಕಾರ್ಯಕರ್ತರೊಬ್ಬರು ಬಾವಲಿಯ ರೇಬೀಸ್ ವೈರಾಣುವಿನಿಂದ ತೀರಿಕೊಂಡರು. ಅಲ್ಲಿ ಬಾವಲಿಯನ್ನು ಕೈಯಲ್ಲಿ ಹಿಡಿಯುವವರು ಲಸಿಕೆ ಹಾಕಿಸಿಕೊಂಡಿರಬೇಕು. ಆದುದರಿಂದ ಬಾವಲಿಯನ್ನು ಬರಿಗೈಯಲ್ಲಿ ಮುಟ್ಟಬಾರದು, ಕಚ್ಚಿದರೆ ಕೂಡಲೆ ಸೋಪು ನೀರಿನಿಂದ ತೊಳೆದು ವೈದ್ಯರಲ್ಲಿಗೆ ಹೋಗಬೇಕು, ಬಾವಲಿ ಕಚ್ಚಿದ ಹಣ್ಣನ್ನು ತಿನ್ನಬಾರದು. ಬಾವಲಿ ಚೀಪಿ ಉದುರಿಸಿದ ಹಣ್ಣಡಿಕೆಯನ್ನು ಮರದಡಿಯಲ್ಲಿ ಹೆಕ್ಕುವವರು ಕೈಚೀಲ ತೊಡುವುದು, ಕೈ ತೊಳೆಯುವುದು ಕ್ಷೇಮ. ಅಟ್ಟದ ಹಿಕ್ಕೆಯನ್ನು ಗುಡಿಸುವಾಗ ಮೂಗುಬಾಯಿಗೆ ಬಟ್ಟೆ ಕಟ್ಟಿ, ನೀರು ಚಿಮುಕಿಸಿ ಗುಡಿಸಬೇಕು. ಆದರೆ ಹೆದರಿ ಮರ ಕಡಿಯುವುದೂ ಹೊಗೆ ಹಾಕುವುದೂ ಪರಿಹಾರವಲ್ಲ. ಒಂದೆಡೆ ಇದ್ದ ಗುಂಪು ಬೆಚ್ಚಿ ಹತ್ತು ಕಡೆಗೆ ಚದುರುವುದರಿಂದ ಮನುಷ್ಯನೊಡನೆ ಅದರ ಸಂಪರ್ಕ ಹೆಚ್ಚಾಗುವುದೇ ಹೊರತು ಕಡಮೆಯಾಗದು.

ಈ ಮಳೆಗಾಲ ಕಳೆದೊಡನೆ ಅನೇಕ ಹಳ್ಳಿಗಳಲ್ಲಿ ಹಳೆಯ ಮನೆಗಳ ಹಂಚು ಇಳಿಯಲಿದೆ. ಆರ್‌ಸಿಸಿ ಮಾಡುಗಳು ಏರಲಿವೆ. ಅದನ್ನು ತಡೆಯುವ ಮಾತು ಇಲ್ಲಿಲ್ಲ. ಸೋರುವ ಮಾಡಿನಡಿ ಬದುಕಬೇಕೆಂದು ಯಾರೂ ಯಾರಿಗೂ ಹೇಳಲಾಗದು. ಹಂಚು ಇಳಿಸುವ ಮೊದಲಿನ ಒಂದು ಸಂಜೆಯನ್ನು ಅಂಗಳದಲ್ಲಿ ಕುಳಿತು ಎಣಿಸುವುದಕ್ಕೆ ಕೊಡಬೇಕೆಂಬುದಷ್ಟೇ ಕೋರಿಕೆ. ಎಣಿಸಿದ ಅಂಕಿ, ಮನೆಯ ಸ್ಥಳ, ದಿನಾಂಕ ಇವನ್ನು ಒಂದು ಹಾಳೆಯಲ್ಲಿ ಬರೆದು ಪಂಚಾಯಿತಿಯ ಜೀವವೈವಿಧ್ಯ ಸಮಿತಿಗೆ ಕೊಟ್ಟು, ಸ್ವೀಕೃತಿಯ ಮುದ್ರೆ ಪಡೆದುಕೊಂಡರೆ ಈ ಸಭೆ ಸೇರಿದ್ದು ಸಾರ್ಥಕ.